ಬೀಗರ ಮಿಷಿನ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೊರಮಾವಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಆದರೆ ಮುನಿರಾಜಪ್ಪನ ಲಾಂಡ್ರಿಯಲ್ಲಿ ಯಾರೂ ಎರಡು ತಿಂಗಳು ನಿಲ್ಲುವುದಿಲ್ಲ ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಹುಸೇನಮ್ಮ ಆರು ವರ್ಷದಿಂದ ಇದ್ದಾಳೆ. ಆರು ವರ್ಷವೂ ನನ್ನ ಜೊತೆ ಜಗಳವಾಡಿಕೊಂಡೇ ಇದ್ದಾಳೆ.

ಆಕೆ ಯಾದಗಿರಿ ಕಡೆಯವಳು. ಹೆಸರು ಕೇಳಿದವರು ಹಣೆಯ ಕುಂಕುಮ ನೋಡಿ ತಬ್ಬಿಬ್ಬಾಗುತ್ತಾರೆ. ಮೊಹರಮ್ಮಿನ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗುವಿಗೆ ಅವರೂರಿನಲ್ಲಿ ಹಾಗೆ ಹೆಸರಿಡುವುದು ಮಾಮೂಲಂತೆ. ಗಂಡ ಶರಣಬಸವ ದೇವನಹಳ್ಳಿಯಾಚೆ ಕಟ್ಟಡದ ಕೆಲಸದಲ್ಲಿದ್ದಾನೆ, ಅಲ್ಲೇ ಶೆಡ್ಡಿನಲ್ಲಿ ವಾಸ. ಮಗಳು ಕಾವೇರಿಯ ಓದಿಗಾಗಿ ತಾಯಿ ಇಲ್ಲಿ ಒಂದು ಶೀಟಿನ ಕೋಣೆ ಬಾಡಿಗೆಗೆ ಹಿಡಿದಿದ್ದಳು. ಹುಸೇನಮ್ಮನಿಗೆ ಓದು ಬರಹ ಬರುವುದಿಲ್ಲ. ಆದರೆ ಬಟ್ಟೆಯ ಮೂಟೆಯನ್ನು ಒಮ್ಮೆ ಎತ್ತಿ ಇಳಿಸಿದರೆ ಸಾಕು, ಅದು ಎಷ್ಟು ಹೊತ್ತು ತಿರುಗಬೇಕು ಎಂದು ಹೇಳಿಬಿಡುತ್ತಾಳೆ. ಐದು ನಿಮಿಷ ಆಚೀಚೆ ಆಗುವುದಿಲ್ಲ.

ನಮ್ಮಲ್ಲಿ ಮೂರು ದೊಡ್ಡ ಮಿಷಿನ್ ಇವೆ, ಮೂರೂ ಒಂದೇ ಥರದವು. ಪಿಜಿಗಳ ಬೆಡ್‌ಶೀಟು, ಇಂದಿರಾನಗರದ ಹೋಟೆಲುಗಳ ಮೇಜುಬಟ್ಟೆ, ಜಿಮ್ಮಿನ ಟವೆಲು, ಹೀಗೆ ಒಂದೊಂದೇ ಮೂಟೆ ಬರುತ್ತದೆ. ಮುಂದಿನದು ಯಾವುದು, ಎಷ್ಟು ದೊಡ್ಡದು ಎಂದು ಬ್ರಹ್ಮನಿಗೂ ತಿಳಿಯದು. ಬಂದ ಕೂಡಲೇ ಯಾವ ಮಿಷಿನ್ ಎಂದು ತೀರ್ಮಾನಿಸಿ, ಅದರ ಮುಂದಿನ ತೊಟ್ಟಿಯಲ್ಲಿ ನೆನೆಹಾಕಬೇಕು. ನೆನೆದಿದ್ದು ಸರದಿಯ ಪ್ರಕಾರ ಅದೇ ಮಿಷಿನ್ನಿಗೆ ಹೋಗಬೇಕು, ಬಾಚಿ ಇನ್ನೊಂದು ಕಡೆ ಸಾಗಿಸುವುದು ಆಗದ ಮಾತು. ಈ ಹಂಚುವ ಕೆಲಸವೇ ಹುಸೇನಮ್ಮನದು.

ಜಗಳ ಇದ್ದದ್ದೂ ಇದರಲ್ಲೇ. ಒಂದೊಂದು ಗಂಟೆ ಹಿಡಿಯುವ ಆರು ಮೂಟೆ ಬಂದವು ಅನ್ನಿ. ತಲೆ ಇರುವವರು ಯಾರಾದರೂ ಎರಡೆರಡು ಹಂಚುತ್ತಾರೆ. ಒಂಬತ್ತಕ್ಕೆ ಶುರುಮಾಡಿದರೆ ಹನ್ನೊಂದಕ್ಕೆ ಎಲ್ಲ ಮುಗಿಯುತ್ತದೆ. ಈಕೆ ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡು, ಮೂರನೆಯದಕ್ಕೆ ಒಂದೇ ಒಂದು ಹಾಕುತ್ತಿದ್ದಳು. ಹತ್ತು ಗಂಟೆಯಿಂದ ಆ ಮೂರನೇ ಮಿಷಿನ್ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಅದನ್ನು ನೋಡಿದರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಸಂಜೆ ಷಟರ್ ಎಳೆಯುವ ಮುಂಚೆ ಯಾವ ಮೂಟೆ ಯಾವಾಗ ಬಂತು, ಯಾವ ಮಿಷಿನ್ನಿಗೆ ಹೋಯಿತು ಎಂದು ನಾನು ಬರೆದಿಟ್ಟ ಅಂದಿನ ಚೀಟಿಗಳನ್ನೆಲ್ಲ ಮುಂದೆ ಹರಡಿಕೊಂಡು ಆಕೆಯನ್ನು ಕರೆಯುತ್ತಿದ್ದೆ.

"ನೋಡಮ್ಮಾ, ಇದನ್ನ ಇಲ್ಲಿ ಹಾಕಿ, ಅದನ್ನ ಅಲ್ಲಿ ಹಾಕಿದ್ರೆ ಒಂದು ಗಂಟೆ ಉಳೀತಿತ್ತು. ಇಷ್ಟೂ ಗೊತ್ತಾಗಲ್ವಾ ನಿಂಗೆ?"

"ಗೊತ್ತಾಗ್ತದ್ರಿ ಸಾವ್ಕಾರ್ರ," ಅನ್ನುತ್ತಿದ್ದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ನೀವು ಎಲ್ಲಾ ಬಂದ್ ಮ್ಯಾಲ ಸಂಜಿಕ ಕುಂತು ಹೇಳ್ತೀರಿ. ನಾ ಮುಂಜಾನಿ ನಿಂತು ಹಾಕೀನಿ."

ಒಂದು ದಿನ ಒತ್ತಾಯ ಮಾಡಿ ಬಾಯಿ ಬಿಡಿಸಿದೆ. ಊರಲ್ಲಿದ್ದಾಗ ಮದುವೆ ಮನೆಗಳಲ್ಲಿ ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಆಕೆಯೇ ಮುಂದಾಳಂತೆ. ಮೂರು ಒಲೆ ಹೂಡಿದರೆ ಒಂದರ ಮೇಲೆ ಕೆಲಸ ಕಡಿಮೆ ಇಡುವುದು ಅವರ ಪದ್ಧತಿ. ಬೀಗರು ಹೇಳದೆ ಕೇಳದೆ ಗಾಡಿ ತುಂಬ ಜನ ಕಟ್ಟಿಕೊಂಡು ಬಂದಿಳಿದರೆ ಅವರನ್ನು ಕಾಯಿಸಬಾರದಲ್ಲ.

"ಇದು ಬೀಗರ ಮಿಷಿನ್ರಿ," ಎಂದಳು, ಮೂರನೆಯದರ ಬೆನ್ನು ತಟ್ಟಿ.

"ಇಲ್ಯಾರಮ್ಮ ಬೀಗರು? ನಿನ್ ತಲೆ," ಎಂದೆ. ಲಾಂಡ್ರಿಯನ್ನು ಮದುವೆ ಮನೆ ಮಾಡಿಕೊಂಡಿದ್ದಾಳೆ ಎಂದು ಕಂಡಕಂಡವರ ಮುಂದೆ ಆಡಿಕೊಂಡು ನಕ್ಕೆ.

ಕಳೆದ ಜನವರಿಯಲ್ಲಿ ಅವರ ಕೋಣೆಯ ಮಾಲೀಕ ಜಾಗವನ್ನು ಅಪಾರ್ಟ್‌ಮೆಂಟಿಗೆ ಕೊಟ್ಟ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಿತ್ತು. ಅದೇ ಹೊತ್ತಿಗೆ ನಾನು ಲಾಂಡ್ರಿಗೆ ಒಬ್ಬ ಇನ್‌ಚಾರ್ಜ್ ಹುಡುಕುತ್ತಿದ್ದೆ. ಆ ಕೆಲಸದ ಜೊತೆಗೆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ವಾಸ. ಆರು ವರ್ಷದಲ್ಲಿ ಏನನ್ನೂ ಕೇಳದಿದ್ದ ಹುಸೇನಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಆ ಕೆಲಸ ನನಗ ಕೊಡ್ರಿ ಸಾವ್ಕಾರ್ರ. ಪೋರಿದು ಹತ್ತನೇದು, ಪರೀಕ್ಷಿ ಹತ್ರ ಬಂದದ. ಕೋಣಿ ಸಿಗಲಿಲ್ಲಂದ್ರ ಅವರಪ್ಪನ ಕಡಿ ಹೋಗಬೇಕು. ಅಲ್ಲಿ ಶಾಲಿ ಇಲ್ರಿ."

"ಒಂದು ಮಿಷಿನ್ ಖಾಲಿ ಬಿಡೋರನ್ನ ಇನ್‌ಚಾರ್ಜ್ ಮಾಡಿದ್ರೆ ಮೂರೂ ಖಾಲಿ ಬಿಡ್ತೀಯ ಅಷ್ಟೇ," ಎಂದೆ. "ಆಗಲ್ಲ. ನಾಳೆ ನಾನೇ ಹಂಚ್ತೀನಿ. ಹೆಂಗೆ ಅಂತ ನಿಂತ್ಕೊಂಡು ನೋಡು."

ಈ ಮಾತು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆಕೆ ತಲೆಯಾಡಿಸಿ ಹೋದಳು.

ಮರುದಿನ ಒಂಬತ್ತರೊಳಗೆ ಆರು ಮೂಟೆ ಬಂದವು. ಎರಡೆರಡು ಹಂಚಿದೆ. ಮೂರೂ ಮಿಷಿನ್ ಒಟ್ಟಿಗೆ ತಿರುಗುವುದನ್ನು ನೋಡಿ ಹಿಗ್ಗಿಹೋದೆ. ಒಂಬತ್ತೂವರೆಗೆ ಒಂದು ನರ್ಸಿಂಗ್ ಹೋಮಿನ ಆಟೊ ಬಂದು ನಿಂತಿತು. ಆಪರೇಷನ್ನಿನ ಬಟ್ಟೆ. ರಕ್ತದ ಕಲೆ ಮೊದಲು ತಣ್ಣೀರಿನಲ್ಲಿ ಬಿಡಬೇಕು, ಆಮೇಲೆ ಬಿಸಿನೀರು, ಒಟ್ಟು ಮೂರು ಗಂಟೆಯ ಕೆಲಸ. ಪಾಲು ಮಾಡಿ ಹಾಕಿದರೂ ಹೊತ್ತು ಕಡಿಮೆಯಾಗುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಇನ್ನೊಂದು ಆಪರೇಷನ್ ಇದೆ, ಒಂದೂವರೆಯೊಳಗೆ ಬೇಕೇಬೇಕು ಎಂದು ಅಲ್ಲಿನ ಸಿಸ್ಟರ್ ಮಾರಿಯಾ ಫೋನ್ ಮಾಡಿದರು. ನನ್ನ ಮೂರು ಮಿಷಿನ್ನುಗಳೂ ಹನ್ನೊಂದರವರೆಗೆ ಬಿಡುವಿಲ್ಲ, ಮೂರು ತೊಟ್ಟಿಯೂ ಭರ್ತಿ. ಹನ್ನೊಂದಕ್ಕೆ ಹಾಕಿದ ಬಟ್ಟೆ ಹೊರಗೆ ಬಂದಾಗ ಎರಡು ಹೊಡೆದಿತ್ತು. ಅವರು ಬೇರೆ ಕಡೆಯಿಂದ ಬಟ್ಟೆ ತರಿಸಿಕೊಂಡು ಒಂದು ಗಂಟೆ ತಡವಾಗಿ ಆಪರೇಷನ್ ಶುರುಮಾಡಿದರಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸಿಸ್ಟರ್ ಬೈಯಲಿಲ್ಲ. "ಹುಸೇನಮ್ಮ ರಜಾನಾ ಸರ್ ಇವತ್ತು? ಅವ್ರಿದ್ದಾಗ ಯಾವತ್ತೂ ಹಿಂಗಾಗಿಲ್ಲ," ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಅಭ್ಯಾಸದಂತೆ ಚೀಟಿಗಳನ್ನು ಹರಡಿಕೊಂಡೆ. ಎಲ್ಲ ಮುಂಚೆಯೇ ಗೊತ್ತಿದ್ದಿದ್ದರೆ ಹನ್ನೆರಡೂವರೆಗೆ ಮುಗಿಸಬಹುದಿತ್ತು. ಹುಸೇನಮ್ಮನ ಲೆಕ್ಕದಲ್ಲಿ ಒಂದು ಗಂಟೆಗೆ ಮುಗಿಯುತ್ತಿತ್ತು. ನನ್ನದು ಎರಡು. ಹಳೆಯ ಚೀಟಿಗಳನ್ನೂ ತೆಗೆದು ನೋಡಿದೆ. ಇಂಥ ದೊಡ್ಡ ಮೂಟೆ ತಿಂಗಳಿಗೆ ಎರಡು ಸಲವಾದರೂ ಬಂದಿದೆ, ಆರು ವರ್ಷವೂ ಬಂದಿದೆ. ಬಂದಾಗಲೆಲ್ಲ ಜಾಗ ಇತ್ತು. ಜಾಗ ಇದ್ದದ್ದರಿಂದಲೇ ಅದು ಬಂದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಂಥ ಮಂಕುದಿಣ್ಣೆ ನಾನು ಅನ್ನಿಸಿತು.

ಆಕೆಯನ್ನು ಕರೆಯಲು ಎದ್ದರೆ ಆಕೆ ಹೋಗಿಯಾಗಿತ್ತು. ಇಸ್ತ್ರಿ ಮಾಡುವ ಶೇಷಮ್ಮ ಹೇಳಿದಳು: "ನಾಳೆಯಿಂದ ಬರಲ್ವಂತೆ ಸಾಹೇಬ್ರೆ. ಬೆಳಗ್ಗೆ ಗಂಡ ಟೆಂಪೊ ತರ್ತಾನಂತೆ."

ಚಪ್ಪಲಿ ಹಾಕಿದೆನೋ ಇಲ್ಲವೋ ನೆನಪಿಲ್ಲ. ಹಳೇ ಊರಿನ ಗಲ್ಲಿಯಲ್ಲಿ ಅವರ ಕೋಣೆ ಹುಡುಕಿಕೊಂಡು ಹೋದೆ. ಪಾತ್ರೆಗಳು ಗೋಣಿಚೀಲ ಸೇರಿದ್ದವು. ಕಾವೇರಿ ಪುಸ್ತಕ ತುಂಬಿದ ಚೀಲದ ಮೇಲೆ ಕೂತಿದ್ದಳು. ಮೇಲಿನ ಕೋಣೆಯ ಬೀಗದಕೈಯನ್ನು ಹುಸೇನಮ್ಮನ ಮುಂದೆ ಹಿಡಿದೆ.

"ತಪ್ಪು ನಂದು. ಇನ್‌ಚಾರ್ಜ್ ನೀನೇ. ಆ ಮೂರನೇ ಮಿಷಿನ್ ತಂಟೆಗೆ ನಾನು ಬರಲ್ಲ."

ಆಕೆ ತಕ್ಷಣ ಕೈ ಚಾಚಲಿಲ್ಲ. "ಒಂದೊಂದು ದಿನ ಬೀಗರು ಬರಂಗಿಲ್ರಿ. ಅವತ್ತ ಒಂದು ತಾಸು ದಂಡ ಆಗ್ತದ. ಬಯ್ಯಬಾರ್ದು ಮತ್ತ."

"ಬೈದೇ ಇರೋಕೆ ಆಗಲ್ಲಮ್ಮ, ಹುಟ್ಟುಗುಣ. ಬೈದ್ರೂ ನೀನು ನಿನ್ ಪ್ರಕಾರವೇ ಮಾಡು."

ಬೀಗದಕೈ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಗಂಡನಿಗೆ ಫೋನ್ ಮಾಡಿ ಟೆಂಪೊ ಬೇಡ ಎಂದಳು. ಅಷ್ಟರಲ್ಲಿ ಕಾವೇರಿ ತಾಯಿಯ ಮುಖವನ್ನೂ ನನ್ನ ಮುಖವನ್ನೂ ಸರದಿಯ ಮೇಲೆ ನೋಡಿ ಮೆಲ್ಲಗೆ ಕೇಳಿದಳು.

"ಅವ್ವಾ, ಹಂಗಾದ್ರ ನಾಳಿ ಗಣಿತ ಟೆಸ್ಟ್ ಬರೀಬೇಕಾ? ಹೋಗೂದದ ಅಂತ ನಾ ಏನೂ ಓದಿಲ್ಲ."

ಆಗ ಹುಸೇನಮ್ಮ ಅಲ್ಲೇ ಗೋಡೆಗೆ ಒರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಹುಡುಗಿ ಗಾಬರಿಯಾಗಿ ಚೀಲದಿಂದ ಇಳಿದು, ಅದರ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.

"ಅಳಬ್ಯಾಡಬೇ," ಎಂದಳು. "ಓದ್ತೀನಿ, ಈಗೇ ಓದ್ತೀನಿ."