ಬೆಳ್ಳಾವಿಯಲ್ಲಿ ನಿಲ್ಲದ ಬಸ್ಸು, ಡೇಟಾಬೇಸಿನಲ್ಲಿ ಕೂತ ಹಳೆಯ ಪ್ರಶ್ನೆ

ತಪ್ಪಿನ ಫಲ ಅನುಭವಿಸಿದವರು ಬೆಳ್ಳಾವಿಯ ಹೆಂಗಸರು. ತಪ್ಪು ಮಾಡಿದವರಲ್ಲಿ ಒಬ್ಬರಿಗೂ ಒಂದು ಬೆಳಗಿನ ತೊಂದರೆಯೂ ಆಗಲಿಲ್ಲ.

ಕಲಬುರಗಿಯಿಂದ ಬಂದು ಗುಬ್ಬಿಯಲ್ಲಿ ಮನೆ ಹಿಡಿದು, ವಸಂತನರಸಾಪುರದ ಕಾರ್ಖಾನೆಗೆ ನಾನು ಹೊರಟ ಮೊದಲ ದಿನ ಕಂಪನಿ ಬಸ್ಸಿನ ಅರ್ಧದಷ್ಟು ಸೀಟುಗಳು ಖಾಲಿ ಇದ್ದವು. ಬೆಳ್ಳಾವಿಯಲ್ಲಿ ನಮ್ಮದೇ ಕಾರ್ಖಾನೆಯ ಸಮವಸ್ತ್ರ ತೊಟ್ಟ ಹೆಂಗಸರ ಗುಂಪೊಂದು ಕೈ ಅಡ್ಡ ಹಿಡಿಯಿತು. ಬಸ್ಸು ನಿಲ್ಲಲಿಲ್ಲ. ನಮ್ಮ ಕಡೆ ಜನ ಹೊರಗೆ ಜೋತಾಡುತ್ತಿರುವ ಟಂಟಂ ಆಟೋ ಕೂಡ ಇನ್ನೊಬ್ಬರಿಗಾಗಿ ನಿಲ್ಲುತ್ತದೆ.

"ಯಾಕ್ರೀ ಅಣ್ಣಾ, ನಿಲ್ಸಲಿಲ್ಲಲ್ರೀ?" ಎಂದು ಡ್ರೈವರನ್ನು ಕೇಳಿದೆ.

"ಮೊಬೈಲ್‌ನಾಗೆ ಸ್ಟಾಪ್ ತೋರಿಸ್ತಿಲ್ಲ ಕಣಮ್ಮ. ತೋರಿಸ್ದೆ ಇರೋ ಕಡೆ ನಿಲ್ಸಿದ್ರೆ ನನ್ನೇ ಮನೆಗೆ ಕಳಿಸ್ತಾರೆ. ಬುಡಿ."

'ಬುಡಿ' ಎಂದರೆ 'ಬಿಡಿ' ಎಂದು ತಿಳಿಯಲು ನನಗೆ ಕೆಲವು ದಿನ ಹಿಡಿಯಿತು. ಅನ್ಯಾಯದ ಮಾತು ಇಲ್ಲಿ ಹೆಚ್ಚಾಗಿ ಆ ಪದದಲ್ಲೇ ಮುಗಿಯುತ್ತದೆ ಎಂದು ತಿಳಿಯಲು ಇನ್ನೂ ಕೆಲವು ದಿನ.

ಮನೆಯ ಒಡತಿ ಗಂಗಮ್ಮ ನನ್ನನ್ನು ಅನುಮಾನದಿಂದಲೇ ಒಳಗೆ ಬಿಟ್ಟುಕೊಂಡವರು. "ಯಾವ ಮಠದ ಕಡೆಯೋರು?" ಎಂದು ಕೇಳಿದರು. ಜಾತಿಯನ್ನು ಕೇಳುವ ಮರ್ಯಾದಸ್ಥ ದಾರಿ ಇದು. ನಾನು ಉತ್ತರಿಸಲಿಲ್ಲ, ಅವರೂ ಮರೆಯಲಿಲ್ಲ. ನಸುಕಿನಲ್ಲಿ ನಾನು ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೆಟ್ಟಿಲೇರಿ ಬಂದು, "ಏನವ್ವಾ, ಮನೆ ಕೆಡವ್ತಿದ್ದೀಯಾ?" ಎಂದರು. ಭಾನುವಾರ ಒಮ್ಮೆಗೇ ಖಡಕ್ ರೊಟ್ಟಿ ಮಾಡಿ ಡಬ್ಬಿಗೆ ತುಂಬಿಡುವುದೆಂದು ರಾಜಿಯಾಯಿತು. ಉಳಿದ ದಿನಗಳಲ್ಲಿ ಅದನ್ನು ಒಬ್ಬಳೇ ಕೂತು ಮುರಿದು ತಿನ್ನುವಾಗ ಆಗುವ ಸಪ್ಪಳವಷ್ಟೇ ನನಗೆ ಜೊತೆ.

ಕಾರ್ಮಿಕರ ಪಾಳಿ, ಹಾಜರಿ ಮತ್ತು ಬಸ್ಸುಗಳನ್ನು ನಡೆಸುವ ತಂತ್ರಾಂಶವನ್ನು ಪರೀಕ್ಷಿಸುವುದು ನನ್ನ ಕೆಲಸ. ಬೆಳ್ಳಾವಿಯ ಹೆಂಗಸರು ನಾನು ಬರುವ ಮೊದಲೇ ದೂರು ಕೊಟ್ಟಿದ್ದರು. ಸಿಬ್ಬಂದಿ ಅಧಿಕಾರಿ ಆ ತಂತ್ರಾಂಶದ ಪ್ರೋಗ್ರಾಂ ಬರೆದಿಟ್ಟ ಪಠ್ಯವನ್ನು ತೆರೆದು ತೋರಿಸಿದರು. ಅದರಲ್ಲಿ ಬೆಳ್ಳಾವಿ ಇತ್ತು.

"ಆಗ್ಲೇ ಸೇರ್ಸಿದೀವಲ್ಲ, ನೋಡಿ. ಆ ಹೆಂಗಸ್ರು ಎದ್ದು ಬರೋದೇ ಲೇಟು."

ಬೇರೆ ಬಸ್ಸು ಹಿಡಿದು ತಡವಾಗಿ ತಲಪುತ್ತಿದ್ದ ಅವರಿಗೆ ಗೈರುಹಾಜರಿ ಬೀಳುತ್ತಿತ್ತು. ಪ್ಯಾಕಿಂಗ್ ವಿಭಾಗದ ಶಿವಮ್ಮನಿಗೆ, ಇನ್ನೊಮ್ಮೆ ತಡವಾದರೆ ಬರಲೇಬೇಡ ಎಂದು ಹೇಳಿಯೂ ಆಗಿತ್ತು.

ತೆರೆಯ ಮೇಲೆ ಕಂಡದ್ದಕ್ಕಿಂತ ರಸ್ತೆಯಲ್ಲಿ ಕಂಡದ್ದನ್ನು ನಾನು ನಂಬಿದೆ. ಈ ಪ್ರೋಗ್ರಾಂ ದಿನವೂ ಡೇಟಾಬೇಸಿಗೆ ಹೊಸದಾಗಿ ಪ್ರಶ್ನೆ ಕಳಿಸುವುದಿಲ್ಲ. ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನು, ಊರುಗಳ ಹೆಸರು ಸಮೇತ, ಮೊದಲೇ ಕಂಪೈಲ್ ಮಾಡಿ, ಅಂದರೆ ಯಂತ್ರ ನಡೆಸುವ ರೂಪಕ್ಕೆ ತಂದು, ಡೇಟಾಬೇಸಿನೊಳಗೇ ಇಟ್ಟಿರುತ್ತಾರೆ. ಪ್ರೋಗ್ರಾಂ ಅದನ್ನು ಹೆಸರು ಹಿಡಿದು ಕರೆಯುತ್ತದೆ. ವೇಗಕ್ಕಾಗಿ ಮಾಡಿದ ಈ ಏರ್ಪಾಡಿನಲ್ಲಿ ದೋಷವಿಲ್ಲ. ಇಲ್ಲಿಯ ಮುದ್ದೆಯನ್ನು ಉಣ್ಣುವ ಹೊತ್ತಿಗೇ ಕಟ್ಟಬೇಕು. ನನ್ನ ಖಡಕ್ ರೊಟ್ಟಿ ಈ ಪ್ರಶ್ನೆಯ ಹಾಗೆ ಮೊದಲೇ, ಭಾನುವಾರವೇ ಆಗಿಹೋದದ್ದು. ಇಂದು ಹಿಟ್ಟಿಗೆ ಉಪ್ಪು ಬೆರೆಸಿದರೆ ಡಬ್ಬಿಯ ರೊಟ್ಟಿಗೆ ಉಪ್ಪು ಹತ್ತುವುದಿಲ್ಲ. ಪಠ್ಯವನ್ನು ತಿದ್ದಿದವರು ಮತ್ತೆ ಕಂಪೈಲ್ ಮಾಡಿ, ಹಳೆಯದನ್ನು ತೆಗೆದು ಹೊಸದನ್ನು ಇಡಲೇಬೇಕು.

ಪಕ್ಕದ ಮೇಜಿನ ಕಿರಣ್ ಕುಣಿಗಲ್ಲಿನವನು. ಡೇಟಾಬೇಸನ್ನು ಬದಲಿಸುವ ಅಧಿಕಾರ ಅವನಿಗಿಲ್ಲ, ನೋಡುವ ಅಧಿಕಾರವಿದೆ. ನೋಡಿದ.

"ಅಕ್ಕಾ, ಹಳೇದೇ ಕೂತದೆ ಇಲ್ಲಿ. ಮರ್ತಿರ್ತಾರೆ ಬುಡಿ."

"ಹಂಗಾದ್ರ, ತಡ ಆದ್ರ ಗೈರು ಹಾಕೋ ನಿಯಮ ನೋಡಪ್ಪಾ. ಅದೂ ಬೆಳ್ಳಾವಿ ಸೇರ್ಸಿದ ವಾರಾನ ತಿದ್ದಿದ್ದು."

ಆ ನಿಯಮ ಪಠ್ಯ ತಿದ್ದಿದ ದಿನವೇ ಕಂಪೈಲ್ ಆಗಿ ಜಾರಿಗೆ ಬಂದಿತ್ತು. ಕಿರಣ್ ಕುರ್ಚಿಗೆ ಒರಗಿದ. "ಇದು ಮಾತ್ರ ಬಿಸಿಬಿಸಿ ಐತಲ್ಲಕ್ಕಾ."

ದಂಡಿಸುವುದನ್ನು ನೆನಪಿಟ್ಟು, ಕೊಡಬೇಕಾದ್ದನ್ನು ಮಾತ್ರ ಮರೆಯುವುದನ್ನು ಮರೆವು ಎನ್ನಲು ನಾನು ಸಿದ್ಧಳಿಲ್ಲ. ಕೇಳಿದಾಗ, ಹೊಸದನ್ನು ಇಡುವುದು ತಂತ್ರಾಂಶ ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಕೆಲಸ ಎಂದರು ಸಿಬ್ಬಂದಿ ಅಧಿಕಾರಿ. ನಿಮ್ಮ ಅಧಿಕಾರಿಯ ಒಪ್ಪಿಗೆ ಬಂದಿಲ್ಲ ಎಂದಿತು ಗುತ್ತಿಗೆ ಕಂಪನಿ. ಇವರಿಬ್ಬರ ನಡುವೆ ಮಾತು ಓಡಾಡುತ್ತಿದ್ದ ವಾರದಲ್ಲೇ ಶಿವಮ್ಮ ಮತ್ತೊಮ್ಮೆ ತಡವಾಗಿ ಬಂದರು. ಅವರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಲಾಯಿತು.

ರಜೆಯ ದಿನ ಬೆಳ್ಳಾವಿಗೆ ಹೋದೆ. ಶಿವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ನೀನು ಕಿಟಕಿ ತಾವ ಕುಂತಿರ್ತಿದ್ದೋಳಲ್ವಾ?"

"ಹೌದ್ರೀ ಅಕ್ಕಾ."

"ಈಗ ಏನು, ಇಳಿದು ನೋಡಕ್ಕೆ ಬಂದ್ಯಾ?" ಮೊರವನ್ನು ನನ್ನ ಕಡೆಗೂ ತಳ್ಳಿದರು. "ಕುಂತ್ಕೊ. ಕಾಯಿ ಸುಲಿ. ಪಾಪ ಗೀಪ ಅನ್ಬೇಡ, ನನ್ ಕೆಲ್ಸ ವಾಪಸ್ ಕೊಡ್ಸು."

ಊರಿನವರು ಫೋನಿನಲ್ಲಿ ನನ್ನ ಮಾತು ಕೇಳಿ, "ಆ ಕಡೀಯಾಕಿ ಆದಿ ನೀ" ಎಂದು ನಗುತ್ತಾರೆ. ಗಂಗಮ್ಮನಿಗೆ ನಾನು ಮಠ ಹೇಳದ ಪರದೇಶಿ, ಶಿವಮ್ಮನಿಗೆ ಬಸ್ಸಿನೊಳಗಿನವಳು. ಅವರಿಬ್ಬರ ಅನುಮಾನವನ್ನೂ ತಪ್ಪೆನ್ನಲಾರೆ. ನನ್ನದು ಯಾವ ಊರೆಂದು ಹೇಳಲು ನನಗೂ ಈಗ ಕಷ್ಟ. ಕೆಳಗಿನ ಬೇಡಿಕೆಯನ್ನು ಮಾತ್ರ ಬೆಳ್ಳಾವಿಯವಳಾಗಿ ಬರೆಯುತ್ತಿದ್ದೇನೆ.

ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳೇ, ಗುತ್ತಿಗೆ ಕಂಪನಿಯವರೇ: ಬೆಳ್ಳಾವಿ ಸೇರಿದ ಪ್ರಶ್ನೆಯನ್ನು ಈ ವಾರವೇ ಕಂಪೈಲ್ ಮಾಡಿ ಡೇಟಾಬೇಸಿನಲ್ಲಿಡಿ, ಇಟ್ಟದ್ದನ್ನು ಕಾರ್ಮಿಕರ ಎದುರಿಗೇ ತೆರೆದು ತೋರಿಸಿ. ಬಸ್ಸು ನಿಲ್ಲದ ದಿನಗಳ ಗೈರುಹಾಜರಿಯನ್ನು ಅಳಿಸಿ. ಶಿವಮ್ಮನನ್ನು ಕೆಲಸಕ್ಕೆ ಕರೆಯಿರಿ. ಅವರ ಊರಿನಲ್ಲಿ ಬಸ್ಸು ನಿಲ್ಲಿಸಿ, ಹತ್ತಿಸಿಕೊಂಡು ಕರೆತನ್ನಿ.