ರಬ್ಬರ್ ಜಿಂಕೆ, ಕುಂಕುಮದ ಬಾಣ

ಇಂಗ್ಲಿಷರ ಈ ದೇಶದಲ್ಲಿ ಬಾಣ ಬಿಟ್ಟು ಜಿಂಕೆ ಹೊಡೆಯುವುದು ಅಪರಾಧ. ನಾನು ಹೊಡೆಯುವುದು ರಬ್ಬರ್ ಜಿಂಕೆಯನ್ನು. ಅಕ್ಸ್‌ಬ್ರಿಡ್ಜ್ ದಾಟಿದರೆ ಒಂದು ಸಣ್ಣ ಕಾಡಿದೆ. ಜಮೀನಿನ ಮಾಲೀಕರ ಅನುಮತಿ ಪಡೆದು ನಮ್ಮ ಕ್ಲಬ್ಬಿನವರು ಅಲ್ಲಿ ಮರಗಳ ನಡುವೆ ರಬ್ಬರಿನ ಜಿಂಕೆ, ಹಂದಿ, ನರಿಗಳನ್ನು ನಿಲ್ಲಿಸುತ್ತಾರೆ. ಕಾಲುದಾರಿಯಲ್ಲಿ ನಡೆಯುತ್ತ ಒಂದೊಂದಕ್ಕೂ ಬಾಣ ಬಿಡಬೇಕು. ಮೊಟ್ಟೆಯನ್ನೂ ಮುಟ್ಟದ ಧಾರವಾಡದ ಹೆಂಗಸಿಗೆ ಇದೆಲ್ಲಿಯ ಹುಚ್ಚು ಎಂದು ಯಾರಾದರೂ ಕೇಳಿದರೆ, ವಾರಕ್ಕೊಮ್ಮೆ ಭಾನುವಾರ ಬರುತ್ತದಲ್ಲ, ಅದಕ್ಕೆ ಎನ್ನುತ್ತೇನೆ.

ಗಂಡ ಬೇರೆ ಮನೆ ಮಾಡಿಕೊಂಡು ಹೋದ ಮೇಲೆ ನಾವಿದ್ದ ಹ್ಯಾರೋದ ಕನ್ನಡದವರಿಗೆ ಒಂದು ಪೇಚು ಶುರುವಾಯಿತು. ಹಬ್ಬಕ್ಕೆ ಇಬ್ಬರನ್ನೂ ಕರೆಯುವಂತಿಲ್ಲ, ಒಬ್ಬರನ್ನೇ ಕರೆಯಬೇಕು. ಗಂಡ ಹಾಡುತ್ತಿದ್ದರು, ನನಗೆ ಹಾಡು ಬರುವುದಿಲ್ಲ. ಹಾಗಾಗಿ ಅವರನ್ನೇ ಕರೆದರು. ವಾರವೆಲ್ಲ ಆಸ್ಪತ್ರೆಯ ಕೆಲಸದಲ್ಲಿ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿಯನ್ನೇ ನಾನು ಕೇಳದ ದಿನಗಳಿದ್ದವು. ಆಗ ಈ ಕ್ಲಬ್ಬು ಸೇರಿದೆ.

ಕ್ಲಬ್ಬಿನಲ್ಲಿ ಒಂದು ನಿಯಮವಿದೆ: ಕಾಡಿನೊಳಗೆ ಯಾರೂ ಒಬ್ಬರೇ ಬಾಣ ಬಿಡುವಂತಿಲ್ಲ. ಜೊತೆಗೊಬ್ಬರು ಇರಲೇಬೇಕು. ನನಗೆ ಸಿಕ್ಕ ಜೊತೆಗಾರರು ಬಸ್ ಓಡಿಸಿ ನಿವೃತ್ತರಾದ ಒಬ್ಬ ಇಂಗ್ಲಿಷ್ ಮುದುಕರು. ಮಾತು ಕಡಿಮೆ. ನನ್ನ ಬಾಣ ಗುರಿಗೆ ತಾಗಿದರೆ ಗಂಟಲಲ್ಲೇ ಒಂದು 'ಹ್ಞೂಂ' ಅನ್ನುತ್ತಿದ್ದರು. ಆ ಒಂದು ಹ್ಞೂಂಕಾರಕ್ಕಾಗಿ ನಾನು ಶನಿವಾರದಿಂದಲೇ ಕಾಯುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಬೇಸಿಗೆಯಲ್ಲಿ ಮುಚ್ಚಿದ ಕಾಡು ಸೆಪ್ಟೆಂಬರಿನಲ್ಲಿ ತೆರೆಯುತ್ತದೆ. ಮೊದಲ ವಾರಗಳು ಯಾವಾಗಲೂ ಕಷ್ಟ. ಎಲೆ ಇನ್ನೂ ಉದುರಿರುವುದಿಲ್ಲ, ನಡುಹಗಲಲ್ಲೂ ಒಳಗೆ ಮಬ್ಬು. ಜರಿಗಿಡ ಎದೆಮಟ್ಟ ಬೆಳೆದು ಜಿಂಕೆಯ ಕಾಲು ಕಾಣುವುದಿಲ್ಲ. ಕಾಲು ಕಾಣದಿದ್ದರೆ ದೂರದ ಅಂದಾಜು ಸಿಗುವುದಿಲ್ಲ. ತಿಂಗಳುಗಟ್ಟಲೆ ಹೆದೆ ಎಳೆಯದ ಭುಜ ಬೇಗ ನಡುಗುತ್ತದೆ. ಬಾಣ ತಪ್ಪಿತೋ, ತುರಿಕೆ ಗಿಡಗಳ ನಡುವೆ ಬಗ್ಗಿ ಹುಡುಕಬೇಕು. ಆ ವರ್ಷವಂತೂ ಮೂರು ಭಾನುವಾರ ಜಿಂಕೆ ನನ್ನನ್ನು ನೋಡಿ ನಕ್ಕಿತೇ ಹೊರತು ಒಂದು ಬಾಣವನ್ನೂ ಮೈಮೇಲೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ಭಾನುವಾರ ಎಲೆಗಳ ಸಂದಿಯಿಂದ ಹೋದ ಬಾಣ ನೇರ ಎದೆಗೆ ಕೂತಿತು. ಜೊತೆಗಾರರು ಹ್ಞೂಂ ಅಂದರು. ಮನೆಗೆ ಬಂದು ಒಬ್ಬಳೇ ಶಿರಾ ಮಾಡಿಕೊಂಡು ತಿಂದೆ.

ಆ ಖುಷಿಯನ್ನು ಊರಿನಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಗುರಿಗಿಂತ ಪಂಚಾಂಗದ ಮೇಲೆ ಕಣ್ಣು.

"ಬಿಲ್ಲು ಬಾಣ ಮನಿಯಾಗ ಇಟಗೊಂಡು ಖಂಡೇನವಮಿಗೆ ಪೂಜಾ ಮಾಡಂಗಿಲ್ಲೇನು? ನಾವು ಈಳಿಗಿ, ಕತ್ರಿ ಇಡತೀವಿ. ನಿನ್ನ ಹತ್ರ ಖರೇ ಆಯುಧ ಅದಾವ."

"ರಬ್ಬರ್ ಜಿಂಕಿ ಹೊಡಿಯೂ ಆಯುಧ ಅಕ್ಕಾ."

"ಜಿಂಕಿ ರಬ್ಬರಿಂದು. ಬಾಣ ರಬ್ಬರಿಂದಲ್ಲಲಾ?"

ಆ ಸಲ ಖಂಡೇನವಮಿ ಶನಿವಾರ ಬಂದಿತ್ತು. ದೇವರ ಮುಂದೆ ಬಿಲ್ಲು ಇಟ್ಟೆ, ಬಾಣಗಳನ್ನು ಸಾಲಾಗಿ ಜೋಡಿಸಿದೆ. ನೀರಿನಲ್ಲಿ ಕಲಸಿದ ಕುಂಕುಮ ಬಾಣದ ನುಣುಪಿನ ಮೇಲೆ ನಿಲ್ಲಲಿಲ್ಲ. ಎಣ್ಣೆ ಹಾಕಿ ಕಲಸಿ, ಗರಿಯ ಬುಡಕ್ಕೆ ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಎಣ್ಣೆ ಹರಿದು ಬಿಳಿ ಗರಿಗಳೆಲ್ಲ ಕಂದುಗೆಂಪಾಗಿದ್ದವು. ಒರೆಸಲೇ ಎಂದುಕೊಂಡೆ. ದಶಮಿಯ ಬೆಳಿಗ್ಗೆ ಕುಂಕುಮ ಒರೆಸಲು ಕೈ ಬರಲಿಲ್ಲ. ಹಾಗೆಯೇ ಬತ್ತಳಿಕೆಗೆ ತುಂಬಿಕೊಂಡು ಹೊರಟೆ.

ಕ್ಲಬ್ಬಿನ ಮರದ ಶೆಡ್ಡಿನಲ್ಲಿ ಎಲ್ಲರೂ ಗುಂಪುಗೂಡಿದ್ದರು. ಈ ಕಾಡುಗಳಲ್ಲಿ ಮಂಟ್‌ಜಾಕ್ ಎಂಬ ಗಿಡ್ಡ ಜಿಂಕೆ ಓಡಾಡುತ್ತದೆ, ನಮ್ಮ ಕಡೆಯ ಕಾಡುಕುರಿಯ ಜಾತಿ. ಅಂಥದೊಂದು ಆ ಬೆಳಿಗ್ಗೆ ತೊಡೆಯಲ್ಲಿ ತೂತಾಗಿ, ರಕ್ತ ಸುರಿಸುತ್ತ ಹಳ್ಳದ ಪಕ್ಕ ಬಿದ್ದಿತ್ತಂತೆ. ಪ್ರಾಣಿಗಳನ್ನು ನೋಡಿಕೊಳ್ಳುವವರು ಬಂದು ಒಯ್ದಿದ್ದರು. ನಮ್ಮಲ್ಲೊಬ್ಬರ ಬಾಣವೆಂದಾದರೆ ಪೊಲೀಸರು ಬರುತ್ತಾರೆ, ಮಾಲೀಕರು ಕಾಡಿನ ಬಾಗಿಲು ಹಾಕುತ್ತಾರೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದರು. ಎತ್ತರದ, ಕಟ್ಟುನಿಟ್ಟಿನ ಹೆಂಗಸು. "ಎಲ್ಲರೂ ನಿಮ್ಮ ಬಾಣಗಳನ್ನು ಮೇಜಿನ ಮೇಲಿಡಿ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಬತ್ತಳಿಕೆ ಮುಟ್ಟಿ ನೋಡಿಕೊಂಡೆ. ಅದನ್ನೂ ಕಾರ್ಯದರ್ಶಿ ನೋಡಿದರು.

ನನ್ನ ಬಾಣಗಳನ್ನು ಇಟ್ಟಾಗ ಎಲ್ಲರೂ ಬಗ್ಗಿ ಆ ಕಂದುಗೆಂಪು ಗರಿಗಳನ್ನು ನೋಡಿದರು. ರಕ್ತವಲ್ಲ, ಇದು ಪೂಜೆಯ ಪುಡಿ ಎಂದೆ. ನಿನ್ನೆ ನಮ್ಮ ಹಬ್ಬವಿತ್ತು, ಅಂದು ನಾವು ಆಯುಧಗಳನ್ನು ಪೂಜಿಸುತ್ತೇವೆ ಎಂದೆ. ಇಂಗ್ಲಿಷಿನಲ್ಲಿ ಅದು ಎಂಥ ಮಾತಾಗುತ್ತದೆಂದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಒಬ್ಬರು ಒಂದು ಹೆಜ್ಜೆ ಹಿಂದೆ ಸರಿದರು.

ಕಾರ್ಯದರ್ಶಿ ನನ್ನ ಜೊತೆಗಾರರ ಕಡೆ ತಿರುಗಿದರು. "ಇವರು ಯಾವಾಗಲೂ ನಿಮ್ಮ ಜೊತೆಗೇ ಇರುತ್ತಾರಲ್ಲವೇ?"

ನನಗೆ ಜೀವ ಬಂತು. ಈಗ ಹೇಳುತ್ತಾರೆ ಎಂದುಕೊಂಡೆ. ಎರಡು ವರ್ಷ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದವರು. ದಾರಿಗೆ ಅಡ್ಡ ಬಂದ ಬಸವನಹುಳವನ್ನು ನಾನು ಎತ್ತಿ ಪಕ್ಕಕ್ಕಿಡುವುದನ್ನು ಕಂಡು ಕಾದು ನಿಂತವರು.

ಅವರು ತಮ್ಮ ಟೋಪಿ ಸರಿಮಾಡಿಕೊಂಡರು. "ಭಾನುವಾರ ಇರುತ್ತಾರೆ" ಎಂದರು. "ಬೇರೆ ದಿನಗಳ ವಿಷಯ ನನಗೆ ಗೊತ್ತಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೆ ದಿನಗಳಲ್ಲಿ ನಾನೇನು ಮಾಡುತ್ತೇನೆಂಬುದು ಅವರಿಗಷ್ಟೇ ಅಲ್ಲ, ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಣಗಳನ್ನು ಅಲ್ಲೇ ಬಿಟ್ಟು ಕಾರು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಆ ವಾರ ಅಕ್ಕ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಎತ್ತಿದ್ದರೆ ತಪ್ಪೆಲ್ಲ ತನ್ನದೆಂದು ಊಟ ಬಿಡುತ್ತಿದ್ದಳು.

ಗುರುವಾರ ಕಾರ್ಯದರ್ಶಿಯ ಫೋನ್ ಬಂತು. ಜಿಂಕೆ ಹಳೆಯ ಬೇಲಿಯ ತಂತಿಗೆ ಸಿಕ್ಕಿ ಗಾಯ ಮಾಡಿಕೊಂಡಿತ್ತಂತೆ. ಗಾಯದೊಳಗೆ ತುಕ್ಕು ಹಿಡಿದ ತಂತಿಯ ಚೂರು ಸಿಕ್ಕಿತ್ತು. ಜಿಂಕೆ ಬದುಕಿತ್ತು. ಅವರು ನೆಟ್ಟಗೆ, ಮಾತು ನುಂಗದೆ, ಕ್ಷಮೆ ಕೇಳಿದರು.

ಭಾನುವಾರ ಹೋಗಿ ನನ್ನ ಬಾಣಗಳನ್ನು ವಾಪಸು ತೆಗೆದುಕೊಂಡೆ. ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ನಕ್ಕು ಮಾತನಾಡಿಸಿದರು. ಜೊತೆಗಾರರು ಮಾತ್ರ ಎಂದಿನಂತೆ ಕಾಲುದಾರಿಯ ಬಾಯಲ್ಲಿ ನಿಂತಿದ್ದರು. ಹತ್ತಿರ ಹೋಗಿ ಕೇಳಿದೆ, "ನಾನೇ ಹೊಡೆದೆ ಅಂದುಕೊಂಡಿರಾ?"

"ನಾನು ಹಾಗೇನೂ ಹೇಳಲಿಲ್ಲ."

"ಹೌದು, ನೀವು ಏನೂ ಹೇಳಲಿಲ್ಲ."

ಅವರು ನೆಲ ನೋಡಿದರು, ಆಮೇಲೆ ಮರಗಳ ಕಡೆ. "ಬರುತ್ತೀರಾ?" ಎಂದರು.

ಬರುವುದಿಲ್ಲ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸಿಟ್ಟು ಮಾಡಿಕೊಂಡು ತಿರುಗಿ ಹೋಗುವುದಕ್ಕೂ ಮನೆಯಲ್ಲಿ ಒಬ್ಬರು ಬೇಕು, ಯಾಕೆ ಇಷ್ಟು ಬೇಗ ಬಂದೆ ಎಂದು ಕೇಳುವುದಕ್ಕೆ. ನಾನು ಬಿಲ್ಲು ಹೆಗಲಿಗೇರಿಸಿ ಅವರ ಹಿಂದೆ ನಡೆದೆ.