ಪಾರ್ಕಿನಲ್ಲಿ ನಿಂತ ಹಾಯಿಕಂಬ

ಬಸವೇಶ್ವರನಗರದ ಆ ಬೀದಿಯಲ್ಲಿ ಉಳಿದವರ ಮನೆಮುಂದೆ ಕಾರು ನಿಲ್ಲುತ್ತಿದ್ದರೆ ಅನಂತಲಕ್ಷ್ಮಿಯ ಮನೆಮುಂದೆ ದೋಣಿ ನಿಂತಿತ್ತು. ಇಬ್ಬರು ಕೂರಬಹುದಾದ ಹಳೇ ಹಾಯಿದೋಣಿ. ಗಂಡ ಮಧ್ವೇಶ್ ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಮೇಲೆ, ಊರಾಚೆಯ ಜಲಾಶಯದ ದೋಣಿ ಕ್ಲಬ್ಬಿನವರು ಮೂಲೆಗೆ ತಳ್ಳಿದ್ದನ್ನು ಟೆಂಪೋಗೆ ಹೇರಿಸಿಕೊಂಡು ತಂದಿದ್ದರು.

ದೋಣಿಗಾದರೆ ನೀಲಿ ಟಾರ್ಪಾಲು ಹೊದಿಸಿಬಿಡಬಹುದಿತ್ತು. ಮುಚ್ಚಿಡಲಾಗದ್ದು ಅದರ ಹಾಯಿಕಂಬ. ಕಾಂಪೌಂಡಿನ ಉದ್ದಕ್ಕೂ ಮಲಗಿದ್ದ ಆ ಅಲ್ಯೂಮಿನಿಯಂ ಕಂಬ ಗೇಟಿನ ಸರಳುಗಳ ನಡುವಿನಿಂದ ಬೀದಿಗೆ ಮೂತಿ ಚಾಚಿತ್ತು. ಯಾರ ಕಣ್ಣಿಗಾದರೂ ಚುಚ್ಚೀತೆಂದು ಮಧ್ವೇಶ್, ಸರಳು ಸಾಗಿಸುವ ಲಾರಿಯವರ ಹಾಗೆ, ತುದಿಗೊಂದು ಕೆಂಪು ಬಟ್ಟೆ ಕಟ್ಟಿದ್ದರು. ಆ ಬಟ್ಟೆ ಅನಂತಲಕ್ಷ್ಮಿಯ ಹಳೇ ರವಿಕೆಯದು. ಹಾಲಿನವನಿಗೂ ಅದು ಗೊತ್ತಿರಬಹುದೆಂದು ಅವಳಿಗೆ ಅನುಮಾನ.

ಬೆಳಗಿನ ಕಾಫಿ ಮುಗಿದರೆ ಮಧ್ವೇಶ್ ಕಂಬದ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ಕಂಬ ಮನೆಗೆ ಬಂದಾಗ ಸ್ಟೀಲು ಅಲ್ಯೂಮಿನಿಯಮ್ಮಿಗೆ ತಾಗಿದ ಕಡೆಯೆಲ್ಲ ಬಿಳಿಪುಡಿ ಎದ್ದು ಲೋಹ ತಿಂದುಹೋಗಿತ್ತು. ಅವರು ಒಂದೊಂದೇ ರಿವೆಟ್ ಬಿಡಿಸಿದರು. ನಡುವೆ ಪ್ಲಾಸ್ಟಿಕ್ಕಿನ ತೆಳುಹಾಳೆ ಇಟ್ಟು ಮತ್ತೆ ಬಿಗಿದರು. ಹಾಯಿಯನ್ನು ಮೇಲಕ್ಕೆಳೆಯುವ ತುದಿಯ ರಾಟೆಯನ್ನು ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯಲ್ಲಿ ಹೊಸದಾಗಿ ಕಡೆಸಿ ತಂದರು. ಕಂಬ ಬೀಳದಂತೆ ಎರಡೂ ಕಡೆಯಿಂದ ಹಿಡಿದಿಡುವ ಸ್ಟೀಲ್ ತಂತಿಗಳು, ಆ ತಂತಿಗಳನ್ನು ಕಂಬದಿಂದ ದೂರ ನಿಲ್ಲಿಸುವ ಅಡ್ಡತೋಳುಗಳು, ಹೀಗೆ ವರ್ಷಗಟ್ಟಲೆ ನಡೆಯಿತು. "ಇಲ್ಲಿ ನೋಡೇ ಅನಂತು" ಎಂದು ಅವರು ಕರೆದರೆ, "ಒಲೆ ಮೇಲೆ ಸಾರಿದೆ" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಆ ಸಲದ ವರಮಹಾಲಕ್ಷ್ಮಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆ ಪುಟ್ಟಲಕ್ಷ್ಮಿ ಗೇಟಿನಲ್ಲಿ ಕಂಬ ದಾಟುವಾಗ ಸೀರೆ ಎತ್ತಿ ಹಿಡಿದು, "ರೋಡಲ್ಲಿ ನೀರು ತುಂಬ್ಕೊಂಡ್ರೆ ನಾವೆಲ್ಲ ನಿಮ್ಮನೆಗೇ ಬರೋದು ಕಣ್ರೀ" ಎಂದಳು. ಹೆಂಗಸರೆಲ್ಲ ನಕ್ಕರು. ಅನಂತಲಕ್ಷ್ಮಿಯೂ ನಕ್ಕಳು. ಆಮೇಲೆ ತಾಂಬೂಲ ಕೊಡುವಾಗ ಯಾರ ಮುಖವನ್ನೂ ನೋಡಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಮಧ್ವೇಶ್ ಅಕ್ಕನನ್ನು ಕರೆದುಕೊಂಡು ಮಂತ್ರಾಲಯಕ್ಕೆ ಹೋದರು. ಅದೇ ವಾರ ಬಡಾವಣೆ ಸಂಘದ ಕಾರ್ಯದರ್ಶಿ ಚನ್ನವೀರೇಶ್ ಗೇಟಿನ ಬಳಿ ನಿಂತು ಕಂಬವನ್ನೇ ನೋಡುತ್ತಿದ್ದ.

"ಆಂಟಿ, ಇದು ಸುಮ್ನೆ ಬಿದ್ದಿದೆಯಲ್ಲ? ರಾಜ್ಯೋತ್ಸವಕ್ಕೆ ಪಾರ್ಕಲ್ಲಿ ಬಾವುಟ ಹಾರಿಸೋಕೆ ಒಳ್ಳೇ ಕಂಬ ಹುಡುಕ್ತಾ ಇದೀವಿ."

ಸುಮ್ಮನೆ ಬಿದ್ದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು, "ತಗೊಂಡ್ಹೋಗಿಪ್ಪಾ" ಎಂಬ ಮಾತು. ಸಂಜೆ ಬರಿದಾದ ಗೇಟಿನ ಮುಂದೆ ರಂಗೋಲಿ ದೊಡ್ಡದಾಗಿ ಹಾಕಿದಳು. ಗಂಡ ಬಂದ ಮೇಲೆ ಹೇಳಿದರಾಯಿತು, ಹಬ್ಬ ಮುಗಿದ ಮೇಲೆ ಹೇಗೂ ವಾಪಸ್ ತರಬಹುದು ಎಂದುಕೊಂಡಳು. ಕಂಬವನ್ನು ಸಂಘದವರು ಏನು ಮಾಡುತ್ತಾರೆಂದು ಕೇಳಲಿಲ್ಲ.

ನವೆಂಬರ್ ಒಂದರ ಬೆಳಗ್ಗೆ ಪಾರ್ಕಿಗೆ ಹೋದಾಗ ಕಂಬ ಕಾಂಕ್ರೀಟಿನಲ್ಲಿ ಹೂತು ನಿಂತಿತ್ತು. ಅಡ್ಡತೋಳುಗಳಿಲ್ಲ, ತಂತಿಗಳಿಲ್ಲ. ಅವಳು ಮಾತಾಡುವಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕೇಳಿಬಂತು. "ಧ್ವಜಸ್ತಂಭದ ದಾನಿಗಳು, ದಯವಿಟ್ಟು ವೇದಿಕೆಗೆ ಬರಬೇಕು!" ಯಾರೋ ಕೈಹಿಡಿದು ಹತ್ತಿಸಿದರು. ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ತಲೆ ಎತ್ತಿದಾಗ ಪಾರ್ಕಿನ ಬಾಗಿಲಲ್ಲಿ ಮಧ್ವೇಶ್ ನಿಂತಿದ್ದರು. ಬಸ್ಸಿಳಿದು ನೇರ ಬಂದಿದ್ದರು, ಹೆಗಲಲ್ಲಿ ಇನ್ನೂ ಬ್ಯಾಗಿತ್ತು. ಅವರು ಅವಳನ್ನು ನೋಡಲಿಲ್ಲ. ಕಂಬವನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದರು. ಬಾವುಟ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾಗು ಕೆಳಗಿಟ್ಟು ಅವರೂ ತಟ್ಟಿದರು.

ಮನೆಗೆ ಹೋಗುವ ದಾರಿಯಲ್ಲಿ ಬೈಗುಳಕ್ಕಾಗಿ ಕಾದಳು. ಬೈದುಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೆಟ್ಟಗೆ ನಿಲ್ಸಿದಾರೆ, ಒಂಚೂರೂ ವಾಲಿಲ್ಲ" ಎಂದರು ಮಧ್ವೇಶ್. ಸ್ವಲ್ಪ ದೂರ ನಡೆದ ಮೇಲೆ, "ಅದೇನು ಎತ್ತ ಅಂತ ನಿಂಗೆ ನಾನಾದ್ರೂ ಕೂರಿಸಿ ಹೇಳ್ಬೇಕಿತ್ತು" ಎಂದರು. ಅವಳಿಗೆ ಶಾಲು ಮೈಸುಡುವಂತಾಯಿತು. ತೆಗೆದು ಬುಟ್ಟಿಯ ಮೇಲೆ ಹಾಕಿಕೊಂಡಳು.

ಮಧ್ಯಾಹ್ನ ಅವರು ಮಲಗಿದ್ದಾಗ ತರಕಾರಿ ಚೀಲ ಹಿಡಿದು ಸಂಘದ ಕಚೇರಿಯ ಹಿಂದಕ್ಕೆ ಹೋದಳು. ಕಿತ್ತೆಸೆದ ಸಾಮಾನೆಲ್ಲ ಒಡೆದ ಕುರ್ಚಿಗಳ ನಡುವೆ ಬಿದ್ದಿತ್ತು. ಕೂತು ಒಂದೊಂದನ್ನೇ ಆರಿಸಿದಳು. ಒಂದು ಅಡ್ಡತೋಳು ಬಾಗಿಹೋಗಿತ್ತು. ಬೆರಳಷ್ಟು ದೊಡ್ಡ ಪಿನ್ನುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅವನ್ನು ಅಷ್ಟು ಹೊಳೆಸಿದ ಕೈಗಳು ಪಕ್ಕದಲ್ಲೇ ಇದ್ದರೂ ಇಷ್ಟು ವರ್ಷ ಕಣ್ಣೆತ್ತಿ ನೋಡಿರಲಿಲ್ಲವಲ್ಲ ಎನಿಸಿ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ಮಾರನೆಯ ದಿನ ಚನ್ನವೀರೇಶನ ಮನೆಗೆ ಒಬ್ಬಳೇ ಹೋದಳು.

"ಆ ಕಂಬ ನಂದಲ್ಲಪ್ಪ, ನಮ್ಮನೆಯವರದು. ಅವರನ್ನ ಕೇಳ್ದೆ ಕೊಟ್ಟುಬಿಟ್ಟೆ. ವಾಪಸ್ ಬೇಕು."

"ಅಯ್ಯೋ ಆಂಟಿ, ಸನ್ಮಾನ ಬೇರೆ ಮಾಡಿದೀವಿ. ಈಗ ಕನ್ನಡದ ಬಾವುಟ ಇಳಿಸಿದ್ರೆ ಜನ ಏನಂತಾರೆ?"

"ನಾನೇ ಇಳಿಸ್ದೆ ಅಂತ ಹೇಳು. ನನ್ನನ್ನೇ ಬೈಕೊಳ್ಳಲಿ."

ಅವನು ತಲೆ ಕೆರೆದುಕೊಂಡ. ತಿಂಗಳ ಕೊನೆಗೆ ರಾಜ್ಯೋತ್ಸವದ ಆರ್ಕೆಸ್ಟ್ರಾ ಮುಗಿದ ಮೇಲೆ ಕಬ್ಬಿಣದ ಪೈಪು ನೆಟ್ಟು ಇದನ್ನು ಬಿಡಿಸಿಕೊಡುವುದೆಂದು ಒಪ್ಪಿದ. ಆ ತಿಂಗಳಿಡೀ ಅವಳು ಪಾರ್ಕು ಬಿಟ್ಟು ಸುತ್ತಿಬಳಸಿ ಅಂಗಡಿಗೆ ಹೋದಳು. ಕೊಟ್ಟ ದಾನ ವಾಪಸ್ ಕೇಳಿದವಳು ಎಂಬ ಮಾತು ಬೀದಿಯಲ್ಲಿ ಓಡಾಡಿ ಅವಳ ಕಿವಿಗೂ ಬಿತ್ತು.

ಕಂಬವನ್ನು ನೆಲಮಟ್ಟಕ್ಕೆ ಕೊಯ್ದು ತೆಗೆಯಬೇಕಾಯಿತು. ಬುಡ ಕಾಂಕ್ರೀಟಿನಲ್ಲೇ ಉಳಿಯಿತು. ಮಧ್ವೇಶ್ ಕ್ಲಬ್ಬಿನ ಗುಜರಿಯಿಂದ ಅದೇ ಆಕಾರದ ಮುರಿದ ಕಂಬದ ತುಂಡೊಂದನ್ನು ತಂದರು. ಒಳಗೆ ಬಿಗಿಯಾಗಿ ಕೂರುವ ಕೊಳವೆ ತೂರಿಸಿ ಎರಡನ್ನೂ ರಿವೆಟ್ ಹೊಡೆದು ಜೋಡಿಸಿದರು. ಅವಳು ಕಂಬ ಅಲುಗದಂತೆ ಹಿಡಿದು ಕೂತಳು.

ಸಂಕ್ರಾಂತಿ ಕಳೆದು ಒಂದು ಭಾನುವಾರ ದೋಣಿ ಜಲಾಶಯ ಸೇರಿತು. ಕಂಬದ ಬುಡದಲ್ಲಿ ರಿವೆಟ್ ಹೊಡೆದ ಆ ಜೋಡಣೆಯನ್ನು ನೋಡಿ ಕ್ಲಬ್ಬಿನ ಸೋಮಲಿಂಗಪ್ಪ, "ಇದೇನ್ರೀ ಮಧ್ವೇಶ್, ಏನಾಯ್ತು?" ಎಂದರು.

"ಲಾರಿ ತಾಗಿಬಿಡ್ತು" ಎಂದರು ಮಧ್ವೇಶ್, ತಂತಿ ಬಿಗಿಮಾಡುತ್ತಲೇ. "ಇವಳು ಓಡಾಡ್ದೇ ಇದ್ದಿದ್ರೆ ಕಂಬ ಕೈಬಿಟ್ಟ ಹಾಗೇ ಇತ್ತು."

"ಪುಣ್ಯವಂತರು ಬಿಡಿ" ಎಂದು ಸೋಮಲಿಂಗಪ್ಪ ಅವಳಿಗೆ ಕೈಮುಗಿದರು. ಅನಂತಲಕ್ಷ್ಮಿ ಕಾಲಬೆರಳಿನಲ್ಲಿ ಮರಳು ಕೆದಕುತ್ತಾ ನಿಂತಳು. ನಿಜ ಹೇಳಿದರೆ ಗಂಡ ಸುಳ್ಳುಗಾರರಾಗುತ್ತಾರೆ, ಸುಮ್ಮನಿದ್ದರೆ ಇನ್ನೊಂದು ಶಾಲು ಹೊದ್ದಂತಾಗುತ್ತದೆ. ಸುಮ್ಮನಿದ್ದಳು.

ಈಗ ಅವಳು ಪ್ರತಿ ಭಾನುವಾರ ಜೊತೆಗೆ ಹೋಗುತ್ತಾಳೆ. ಕಂಬ ಎತ್ತುವಾಗ ಮುಂದಿನ ತಂತಿ ಹಿಡಿದು ಎಳೆಯುವುದು ಅವಳ ಕೆಲಸ. ದೋಣಿ ಮಾತ್ರ ಇನ್ನೂ ಹತ್ತಿಲ್ಲ. ಯಾರಾದರೂ ಕೇಳಿದರೆ "ನೀರಂದ್ರೆ ಭಯ" ಎನ್ನುತ್ತಾಳೆ. ಭಯ ನೀರಿನದಲ್ಲ. ಅಷ್ಟು ಚಿಕ್ಕ ದೋಣಿಯಲ್ಲಿ, ನಡುನೀರಿನಲ್ಲಿ ಅವರೆದುರು ಕೂತರೆ ಮುಖ ತಿರುಗಿಸಿಕೊಳ್ಳಲು ಜಾಗವಿರುವುದಿಲ್ಲ. ಮಧ್ವೇಶ್ ಮಾತ್ರ ಪ್ರತಿ ಸಲ ದೋಣಿ ನೂಕುವ ಮುಂಚೆ "ಬರ್ತೀಯೇನೇ?" ಎಂದು ಕೇಳುತ್ತಾರೆ. ಅವಳು ಇಲ್ಲವೆಂದು ತಲೆಯಾಡಿಸಿ, ಅವರ ಚಪ್ಪಲಿ ಎತ್ತಿಕೊಂಡು ದಡಕ್ಕೆ ಹೋಗುತ್ತಾಳೆ.